ಆರ್ವಿಡ್‌ನ ಪುಲ್ಲರ್ ಕಚ್ಚಿಕೊಂಡ ಪ್ರಕರಣ

ಅಕ್ಟೋಬರ್ ತಿಂಗಳ ಮೂರನೆಯ ಸೋಮವಾರ, ಬೆಳಿಗ್ಗೆ ಎಂಟೂಕಾಲು. ಅಮೆರಿಕದ ಮೊಂಟಾನಾದ ಟ್ಯಾಮರಾಕ್ ಕೌಂಟಿಯ ಷೆರಿಫ್ ಠಾಣೆಯ ಬಾಗಿಲನ್ನು ವಿಲ್ಮಾ ಕಿಟ್ರಿಜ್ ಭುಜದಿಂದ ನೂಕಿಕೊಂಡು ಒಳಗೆ ಬಂದರು. ಕೈಯಿಂದ ನೂಕುವಂತಿರಲಿಲ್ಲ. ಎಡಗೈ ಬೆರಳ ತುದಿಯಿಂದ ಮೊಣಕೈವರೆಗೆ ಬ್ಯಾಂಡೇಜಿನಲ್ಲಿತ್ತು. ಬಲಗೈಯಲ್ಲಿ ಒಂದು ಪ್ಲಾಸ್ಟಿಕ್ ಪೆಟ್ಟಿಗೆ. ಕೆನ್ನೆಯ ಮೇಲೆ ಹೊಸ ಹೊಲಿಗೆ.

ಕೌಂಟರಿನಲ್ಲಿದ್ದ ಡೆಪ್ಯುಟಿ ರಸ್ ಪೆಕೊವಿಚ್ ಎದ್ದು ನಿಂತ.

"ಅಮ್ಮಾ, ಆಸ್ಪತ್ರೆಯಿಂದ ಯಾವಾಗ ಬಿಟ್ರು? ಕೂತ್ಕೊಳ್ಳಿ. ಕಾಫಿ ಕೊಡ್ತೀನಿ."

"ಅವರು ಬಿಡ್ಲಿಲ್ಲ, ನಾನೇ ಬಂದೆ. ಕಾಫಿ ಬೇಡ. ನಿಮ್ಮ ಠಾಣೆ ಕಾಫಿ ಕುಡಿದ್ರೆ ಅದಕ್ಕೊಂದು ಬೇರೆ ದೂರು ಕೊಡಬೇಕಾಗುತ್ತೆ. ಬರ್ಕೋ."

ಒಳಕೋಣೆಯಿಂದ ತನಿಖಾಧಿಕಾರಿ ಸಾರ್ಜೆಂಟ್ ಡೀನಾ ಸೋಲ್‌ಬರ್ಗ್ ಹೊರಗೆ ಬಂದಳು. ಹದಿನೆಂಟು ವರ್ಷದ ಸರ್ವೀಸು. ಮಾತು ಕಡಿಮೆ, ಕೇಳಿಸಿಕೊಳ್ಳುವುದು ಹೆಚ್ಚು.

"ಯಾರ ಮೇಲೆ ದೂರು, ವಿಲ್ಮಾ?"

"ಯಾರು ಅಂತ ಗೊತ್ತಿದ್ದಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ? ನಾನೇ ಹೋಗಿ ವಿಚಾರಿಸಿಕೊಳ್ತಿದ್ದೆ. ಆರ್ವಿಡ್ ಮೇಲಲ್ಲ. ಅದನ್ನ ಮೊದಲನೇ ಸಾಲಲ್ಲೇ ಬರೀರಿ."

ಡೀನಾ ಹಾಗೆಯೇ ಬರೆದುಕೊಂಡಳು. ಉಳಿದ ವಿವರ ಇಡೀ ಊರಿಗೇ ಗೊತ್ತಿತ್ತು. ಶನಿವಾರ ವಿಲೋ ಫೋರ್ಕ್ ರೈಫಲ್ ಕ್ಲಬ್ಬಿನ ಮೈದಾನದಲ್ಲಿ, ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಯ ಕಾಲ ಶುರುವಾಗುವ ಮುಂಚೆ ಎಲ್ಲರೂ ಮಾಡುವಂತೆ, ವಿಲ್ಮಾ ತಮ್ಮ ರೈಫಲಿನ ಗುರಿ ಸರಿಪಡಿಸಿಕೊಳ್ಳುತ್ತಿದ್ದರು. ಎರಡು ಗುಂಡು ಸರಿಯಾಗಿ ಹೋದವು. ಮೂರನೆಯದಕ್ಕೆ ರೈಫಲ್ಲೇ ಒಡೆಯಿತು. ಕನ್ನಡಕವಿಲ್ಲದಿದ್ದರೆ ಕಣ್ಣು ಹೋಗುತ್ತಿತ್ತು.

ಆ ಕಣಿವೆಯಲ್ಲಿ ಅಂಗಡಿಯ ಕಾಡತೂಸು ಕೊಳ್ಳುವವರು ಕಡಿಮೆ. ಚಳಿಗಾಲ ಉದ್ದ, ಕೈಗೆ ಕೆಲಸ ಬೇಕು. ಹಾರಿಸಿದ ಖಾಲಿ ಹಿತ್ತಾಳೆಯನ್ನು ಆಯ್ದು ತಂದು, ತೊಳೆದು, ಹೊಸ ಮದ್ದು ತುಂಬಿ, ಹೊಸ ಗುಂಡು ಕೂರಿಸಿ ಮನೆಯಲ್ಲೇ ಕಾಡತೂಸು ಮಾಡಿಕೊಳ್ಳುತ್ತಾರೆ. ಇದಕ್ಕೆ ಒಂದೇ ಕಟ್ಟಳೆ: ಇನ್ನೊಬ್ಬರು ತುಂಬಿದ್ದನ್ನು ಯಾರೂ ಹಾರಿಸುವುದಿಲ್ಲ. ಸ್ವಂತ ಅಣ್ಣತಮ್ಮಂದಿರೂ ಹಾರಿಸುವುದಿಲ್ಲ. ಆರ್ವಿಡ್ ಲುಂಡ್ ಒಬ್ಬರದು ಮಾತ್ರ ಬೇರೆ. ಅವರು ತುಂಬಿದ್ದನ್ನು ಅರ್ಧ ಕಣಿವೆ ಕಣ್ಣುಮುಚ್ಚಿ ಹಾರಿಸುತ್ತಿತ್ತು. ವಿಲ್ಮಾ ಮೂವತ್ತು ವರ್ಷದಿಂದ ಬೇರೆ ಕಾಡತೂಸು ಮುಟ್ಟಿರಲಿಲ್ಲ.

"ಪೆಟ್ಟಿಗೆ ಎಲ್ಲಿತ್ತು?"

"ಆಗಸ್ಟ್ ಕೊನೇಲಿ ಆರ್ವಿಡ್ ಕೊಟ್ಟ. ಅವತ್ತಿಂದ ಕ್ಲಬ್ಬಿನ ನನ್ನ ಅಲಮಾರೀಲಿ."

"ಬೀಗ?"

"ಕ್ಲಬ್ಬಲ್ಲಿ ಯಾರು ಬೀಗ ಹಾಕ್ತಾರೆ ಡೀನಾ? ನಾಚಿಕೆ ಆಗಲ್ವಾ?"

ದೂರು ದಾಖಲಾಯಿತು. ಮಿಕ್ಕ ಕಾಡತೂಸುಗಳಿದ್ದ ಪೆಟ್ಟಿಗೆಗೆ ಮೊಹರು ಬಿತ್ತು.

ಹತ್ತು ಗಂಟೆಗೆ ಕೌಂಟಿಯ ಸರ್ಕಾರಿ ವಕೀಲ ಹೋಲ್ಟ್ ಫೋನ್ ಮಾಡಿದ.

"ಸಾರ್ಜೆಂಟ್, ಇದರಲ್ಲಿ ತನಿಖೆ ಮಾಡೋದೇನಿದೆ? ಮುದುಕನ ವಯಸ್ಸು ಎಪ್ಪತ್ತನಾಲ್ಕು. ಕೈ ನಡುಗುತ್ತೆ. ತುಂಬಿದ್ದು ನಾನೇ ಅಂತಾನೆ, ತಪ್ಪು ನನ್ನದೇ ಇರಬೇಕು ಅಂತಾನೆ. ಶುಕ್ರವಾರ ಮಧ್ಯಾಹ್ನ ಬಂದು ತಪ್ಪೊಪ್ಪಿಗೆಗೆ ಸಹಿ ಹಾಕ್ತೀನಿ ಅಂದಿದ್ದಾನೆ."

"ಶುಕ್ರವಾರದವರೆಗೆ ಟೈಮಿದೆ ಅಂತ ಆಯ್ತಲ್ಲ," ಎಂದು ಡೀನಾ ಫೋನ್ ಇಟ್ಟಳು.

*

ಆರ್ವಿಡ್‌ರ ಶೆಡ್ ಊರ ಹೊರಗೆ, ಮರದ ಮಿಲ್ಲಿನ ಹಿಂದೆ. ಮಧ್ಯಾಹ್ನ ಡೀನಾ ಮತ್ತು ರಸ್ ಅಲ್ಲಿಗೆ ಹೋದರು. ಪಂಚರಾಗಿ ಪೋಸ್ಟಾಫೀಸಿನ ಬರ್ನಿಸ್ ಮತ್ತು ಶಾಲಾ ಬಸ್ಸಿನ ಚಾಲಕ ಒಬ್ಬ ಜೊತೆಗಿದ್ದರು. ಆರ್ವಿಡ್ ಸ್ಟೂಲಿನ ಮೇಲೆ ಕೂತಿದ್ದರು. ಒಲೆ ಹಚ್ಚಿರಲಿಲ್ಲ. ಬೆಂಚಿನ ಮೇಲಿನ, ಕಾಡತೂಸು ತುಂಬುವ ಪ್ರೆಸ್ಸಿಗೆ ಹಳೇ ಟವೆಲ್ ಹೊದಿಸಿದ್ದರು, ಪಂಜರದ ಹಕ್ಕಿಗೆ ರಾತ್ರಿ ಹೊದಿಸುವ ಹಾಗೆ.

"ಯಾಕೆ ಮುಚ್ಚಿದ್ದೀರಿ?"

"ಇನ್ನು ಮುಟ್ಟಲ್ಲ ಮಗಳೇ. ಯಾರಾದ್ರೂ ಬೇಕು ಅಂದ್ರೆ ಕೊಟ್ಟುಬಿಡ್ತೀನಿ."

"ನೀವು ತಪ್ಪು ಮಾಡಿದ್ದು ನೆನಪಿದೆಯಾ?"

"ನೆನಪಿಲ್ಲ. ಅದಕ್ಕೇ ಭಯ. ನೆನಪಿರೋ ತಪ್ಪಾದ್ರೆ ತಿದ್ಕೋಬಹುದಿತ್ತು."

ಬೆಂಚಿನ ಮೇಲೆ ಒಂದೇ ಮದ್ದಿನ ಡಬ್ಬಿ. ಒಂದು ಹೊತ್ತಿಗೆ ಒಂದೇ ಡಬ್ಬಿ ಹೊರಗಿರಬೇಕು, ಬೇರೆಯದೆಲ್ಲ ಕಪಾಟಿನಲ್ಲಿರಬೇಕು, ಇದು ಆರ್ವಿಡ್‌ರ ಪದ್ಧತಿ. ರಸ್ ಒಂದೊಂದನ್ನೇ ಚಿತ್ರ ತೆಗೆದ. ಬರ್ನಿಸ್ ಪಂಚನಾಮೆ ಬರೆದುಕೊಂಡರು. ಎಲ್ಲ ಹೆಬ್ಬೆರಳಷ್ಟೂ ಆಚೀಚೆಯಿಲ್ಲದೆ ಜೋಡಿಸಿತ್ತು.

ಡೀನಾ ಮೊಹರಿನ ಪೆಟ್ಟಿಗೆಯನ್ನು ಪಂಚರ ಮುಂದೆ ತೆರೆದು, ಕಾಡತೂಸುಗಳನ್ನು ಭೂತಗನ್ನಡಿಯಲ್ಲಿ ನೋಡುತ್ತ ಹೋದಳು. ಹೆಚ್ಚಿನವು ನುಣ್ಣಗಿದ್ದವು. ಆದರೆ ಕೆಲವಕ್ಕೆ ಗುಂಡಿನ ಹೊರಗೆ ಕಾಣುವ ಭಾಗದಲ್ಲಿ ಸಣ್ಣ ಗೀರುಗಳು. ನೆಟ್ಟಗಲ್ಲ, ಸ್ಕ್ರೂವಿನ ಸುತ್ತಿನಂತೆ ಓರೆಯಾಗಿ.

"ಇದೇನು?"

ಆರ್ವಿಡ್ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

"ಪುಲ್ಲರ್ ಗುರುತು. ಕೂರಿಸಿದ ಗುಂಡನ್ನ ಯಾರೋ ಕಿತ್ತಿದ್ದಾರೆ, ಮತ್ತೆ ಕೂರಿಸಿದ್ದಾರೆ. ಆದ್ರೆ ನಾನು ಕಿತ್ತರೆ ಗುರುತು ಬೀಳಲ್ಲ. ಬಿದ್ರೂ ನೆಟ್ಟಗೆ ಬೀಳಬೇಕು. ಇದು ತಿರುಚಿರೋದು."

"ನಿಮ್ಮ ಪುಲ್ಲರ್ ಎಲ್ಲಿ?"

ಮೊಳೆಗೆ ನೇತುಹಾಕಿದ್ದರು. ಅಂಗೈಯಷ್ಟು ಉದ್ದದ ಉಕ್ಕಿನ ಸಾಧನ. ಒಳಗೆ ಬೆರಳುಗಳಂತೆ ಸೀಳಿದ ಒಂದು ಕೊಳವೆ, ಅದಕ್ಕೆ ಕಾಲೆಟ್ ಎನ್ನುತ್ತಾರೆ. ಮೇಲಿನ ಹಿಡಿ ತಿರುಗಿಸಿದರೆ ಕಾಲೆಟ್ ಗುಂಡನ್ನು ಕಚ್ಚಿ ಹಿಡಿಯುತ್ತದೆ. ಪ್ರೆಸ್ಸಿನ ಕೋಲು ಇಳಿಸಿದರೆ ಹಿತ್ತಾಳೆ ಕೆಳಗೆ ಬರುತ್ತದೆ, ಗುಂಡು ಮೇಲೆ ಉಳಿಯುತ್ತದೆ. ಹಿಡಿ ಸಡಿಲಿಸಿದರೆ ಗುಂಡು ಟಪ್ಪೆಂದು ಅಂಗೈಗೆ ಬೀಳಬೇಕು.

ಡೀನಾ ಆರ್ವಿಡ್‌ರ ಕಪಾಟಿನಿಂದ ಬೇರೆ ಕಾಡತೂಸು ತೆಗೆದು ಅವರಿಗೆ ಕೊಟ್ಟಳು. ಮುದುಕ ಟವೆಲ್ ಸರಿಸಿದರು. ಪುಲ್ಲರನ್ನು ಪ್ರೆಸ್ಸಿಗೆ ಕೂರಿಸಿ ಬಿಗಿದರು, ಕೋಲು ಎಳೆದರು, ಹಿಡಿ ಸಡಿಲಿಸಿದರು.

ಗುಂಡು ಬೀಳಲಿಲ್ಲ.

ತಟ್ಟಿದರು. ಬೀಳಲಿಲ್ಲ. ಇಕ್ಕಳದಿಂದ ಹಿಡಿದು ತಿರುಚಿ ಎಳೆದಾಗ ಕಿರ್ ಎಂದು ಬಂತು. ಭೂತಗನ್ನಡಿಯ ಕೆಳಗೆ ಇಟ್ಟರೆ ಅದೇ ಓರೆ ಗೀರು.

"ಇದು ಹೀಗಿರಲಿಲ್ಲ," ಎಂದರು ಆರ್ವಿಡ್. ಅವರ ದನಿಯಲ್ಲಿ ಶನಿವಾರದಿಂದ ಇಲ್ಲದಿದ್ದ ಒಂದು ಬಿಸಿ ಇತ್ತು. "ನನ್ನ ಪುಲ್ಲರ್ ಯಾವತ್ತೂ ಹಿಡ್ಕೊಂಡಿಲ್ಲ. ಸೆಪ್ಟೆಂಬರ್ ಶುರುವಲ್ಲಿ ಕ್ಲಬ್ಬಿಗೆ ಕೊಟ್ಟಿದ್ದೆ, ಎಲ್ಲರಿಗೂ ಬೇಕಾಗುತ್ತೆ ಅಂತ. ಹೋದ ವಾರ ತಂದು ಮೊಳೆಗೆ ಹಾಕಿದ್ದಷ್ಟೇ. ಮುಟ್ಟೇ ಇಲ್ಲ."

ರಸ್ ಕಾಲೆಟ್ ಬಿಚ್ಚಲು ಕೈ ಹಾಕಿದ.

"ಮುಟ್ಟಬೇಡ," ಎಂದಳು ಡೀನಾ. "ಒಳಗೇನಿದೆಯೋ ಅದು ಅಲ್ಲೇ ಇರಲಿ."

ಹೊರಗೆ ಜೀಪಿನಲ್ಲಿ ಕೂತ ಮೇಲೆ ರಸ್ ಕೇಳಿದ: "ಮೇಡಂ, ಇದರಿಂದ ಮುದುಕಪ್ಪ ಬಚಾವಾಗ್ತಾನಾ?"

"ಇನ್ನೂ ಇಲ್ಲ. ಪುಲ್ಲರ್ ಹಿಡಿದುಕೊಳ್ಳೋಕೆ ಶುರುವಾದ ಮೇಲೆ ವಿಲ್ಮಾಳ ಗುಂಡು ಕಿತ್ತಿದ್ದಾರೆ, ಅಷ್ಟು ನಿಜ. ಕೆಡಿಸಿದ್ದು ಕ್ಲಬ್ಬಲ್ಲೇ ಅನ್ನೋಕೆ ಆರ್ವಿಡ್ ಮಾತು ಬಿಟ್ರೆ ಬೇರೇನಿದೆ? ಹೋಲ್ಟ್ ಅದನ್ನ ಒಂದು ನಿಮಿಷದಲ್ಲಿ ಊದಿ ಹಾಕ್ತಾನೆ."

*

ಮಂಗಳವಾರ ಕ್ಲಬ್ಬು. ಹಳೇ ಧಾನ್ಯದ ಗೋದಾಮನ್ನೇ ಕ್ಲಬ್ ಮಾಡಿಕೊಂಡಿದ್ದರು. ಒಂದು ಗೋಡೆಯ ತುಂಬ ಉಪಕರಣಗಳು, ಒಂದೊಂದಕ್ಕೂ ಒಂದೊಂದು ಮೊಳೆ. ಬೇಕಾದವರು ಉಪಕರಣ ತೆಗೆದುಕೊಂಡು ಆ ಮೊಳೆಗೆ ತಮ್ಮ ಟೋಪಿ ತೂಗುಹಾಕಬೇಕು. ವಾಪಸು ತಂದಾಗ ಟೋಪಿ ತೆಗೆದುಕೊಳ್ಳಬೇಕು.

ಗೋಡೆಯ ಉಸ್ತುವಾರಿ ಡೆಲ್ಮರ್ ಗ್ರೈಸ್ ಎಂಬವನದು. ಅರವತ್ತರ ಹತ್ತಿರದವನು, ಹಿಂದೆ ರೈಲ್ವೆಯಲ್ಲಿದ್ದವನು. ಉಪಕರಣಗಳನ್ನು ಮಕ್ಕಳಂತೆ ನೋಡಿಕೊಳ್ಳುತ್ತಿದ್ದ. ಡೀನಾಗೆ ಕುರ್ಚಿ ಒರೆಸಿ ಕೊಟ್ಟ.

"ಆರ್ವಿಡ್‌ನ ಪುಲ್ಲರ್ ಯಾರ್ಯಾರು ತಗೊಂಡಿದ್ರು?"

"ಹೇಗೆ ಹೇಳ್ಲಿ ಸಾರ್ಜೆಂಟ್? ಟೋಪಿ ಇತ್ತು. ಆದ್ರೆ ಯಾರ ಟೋಪಿ?" ಅವನು ಗೋಡೆಯತ್ತ ಕೈ ತೋರಿಸಿದ. ಮೊಳೆಗಳ ಮೇಲೆ ನಾಲ್ಕು ಟೋಪಿ ತೂಗುತ್ತಿದ್ದವು. ನಾಲ್ಕೂ ಹಸಿರು, ನಾಲ್ಕೂ ಬೀಜದ ಅಂಗಡಿಯವನು ವಸಂತದಲ್ಲಿ ಪುಕ್ಕಟೆ ಹಂಚಿದವು.

ರಸ್ ನಕ್ಕ. ತನ್ನ ತಲೆಯ ಮೇಲೂ ಅದೇ ಇದ್ದದ್ದು ನೆನಪಾಗಿ ಅದನ್ನು ತೆಗೆದು ಕಂಕುಳಲ್ಲಿಟ್ಟುಕೊಂಡ.

"ಪಾಪ ಆರ್ವಿಡ್," ಎಂದ ಡೆಲ್ಮರ್. "ಬೇಸಗೆಯಿಂದಲೇ ಕೈ ನಡುಗ್ತಿತ್ತು. ನಾನು ಎಷ್ಟೋ ಸಲ ಅಂದ್ಕೊಂಡೆ, ಯಾರಾದ್ರೂ ಅವನಿಗೆ ಸಾಕು ಮಾಡು ಅಂತ ಹೇಳಬೇಕಿತ್ತು ಅಂತ."

"ನೀವು ಹೇಳಬಹುದಿತ್ತಲ್ಲ."

"ನಾನು ಹೇಳಿದ್ರೆ ಯಾರು ಕೇಳ್ತಾರೆ?"

ಡೀನಾ ಅದನ್ನೂ ಕೇಳಿಸಿಕೊಂಡಳು. ಅಲ್ಲಿಂದ ನೇರವಾಗಿ ಪುಲ್ಲರ್ ಮತ್ತು ಪೆಟ್ಟಿಗೆಯನ್ನು ರಸ್‌ನನ್ನು ಕರೆದುಕೊಂಡು ರಾಜ್ಯದ ಪ್ರಯೋಗಾಲಯಕ್ಕೆ ತಾನೇ ಒಯ್ದಳು. ಸಾಲಿನಲ್ಲಿ ಬನ್ನಿ, ಎಂಟು ವಾರ ಆಗುತ್ತದೆ ಎಂದರು. ಅವಳು ಬಾಗಿಲ ಬಳಿಯ ಬೆಂಚಿನಲ್ಲಿ ಕೂತುಬಿಟ್ಟಳು. ತಂದಿದ್ದ ಸ್ಯಾಂಡ್‌ವಿಚ್ ತಿಂದಳು. ಮಾರನೆಯ ದಿನವೂ ಬಂದು ಅಲ್ಲೇ ಕೂತಳು. ಬುಧವಾರ ಮೂರು ಗಂಟೆಗೆ, ಇವಳನ್ನು ಮತ್ತೆ ಮತ್ತೆ ದಾಟಿಕೊಂಡು ಹೋಗಲು ಬೇಸರವಾಗಿಯೋ ಏನೋ, ಪರೀಕ್ಷಕಿ ಒಳಗೆ ಕರೆದಳು.

"ಗೀರಿಲ್ಲದ ಕಾಡತೂಸಲ್ಲಿ ಒಂದೇ ಮದ್ದು, ಅಳತೆ ಕರಾರುವಾಕ್ಕು. ಗೀರಿರೋದ್ರಲ್ಲಿ ಬೇರೇನೇ ಮದ್ದು, ಬೇಗ ಉರಿಯೋದು. ರೈಫಲ್ ಒಡೆದಿದ್ದು ಅದರಿಂದಲೇ."

"ಪುಲ್ಲರ್?"

"ಕಾಲೆಟ್ ಕೂರೋ ಜಾಗದಲ್ಲಿ ಕಪ್ಪು ಡಾಂಬರು. ಹಳೇ ಕಾಲದ ಸೈನ್ಯದ ಕಾಡತೂಸಲ್ಲಿ ನೀರು ಹೋಗದ ಹಾಗೆ ಗುಂಡಿನ ಸುತ್ತ ಬಳೀತಾರಲ್ಲ, ಅದು. ಅಂಥ ಗುಂಡುಗಳನ್ನ ಕಿತ್ತಾಗ ಕಾಲೆಟ್‌ಗೆ ಮೆತ್ಕೊಂಡಿದೆ. ಚಳಿಗೆ ಗಟ್ಟಿಯಾಗಿ ಕಾಲೆಟ್ ಅರಳೋಕೇ ಬಿಡ್ತಿಲ್ಲ. ವಿಲ್ಮಾ ಅವರ ಗುಂಡಿನ ಗೀರಲ್ಲೂ ಅದೇ ಡಾಂಬರಿನ ಕಲೆ."

ಆರ್ವಿಡ್‌ರ ಶೆಡ್ಡಿನಲ್ಲಿ ಸೈನ್ಯದ ಮಾಲು ಒಂದೂ ಇರಲಿಲ್ಲ. ಪಂಚನಾಮೆಯೇ ಹೇಳುತ್ತಿತ್ತು. ಯಾರೋ ಸೈನ್ಯದ ಹಳೇ ಕಾಡತೂಸು ಒಡೆದು ಮದ್ದು ತೆಗೆದಿದ್ದಾರೆ, ಅದೇ ಪುಲ್ಲರಿನಿಂದ ವಿಲ್ಮಾರ ಗುಂಡು ಕಿತ್ತು ಆ ಮದ್ದು ತುಂಬಿದ್ದಾರೆ. ಆದರೆ ಕ್ಲಬ್ಬಿನಲ್ಲಿ ಅರವತ್ತು ಜನ. ಅರವತ್ತು ಮನೆ ಶೋಧಿಸಲು ಯಾವ ನ್ಯಾಯಾಧೀಶರೂ ವಾರಂಟ್ ಕೊಡುವುದಿಲ್ಲ.

ಪರೀಕ್ಷಕಿ ಮಾದರಿ ತೆಗೆದಿಟ್ಟುಕೊಂಡು, ಚಿತ್ರ ತೆಗೆದು, ಪುಲ್ಲರನ್ನು ಹೇಗಿತ್ತೋ ಹಾಗೆಯೇ ಜೋಡಿಸಿ ಕೊಟ್ಟಳು. ಹಿಂದಿರುಗುವಾಗ ರಸ್ ಗಾಡಿ ನಡೆಸುತ್ತಿದ್ದ. ಅರ್ಧ ದಾರಿಯಲ್ಲಿ ಡೀನಾ ಕೇಳಿದಳು:

"ರಸ್, ಕಾಡತೂಸು ತುಂಬುವವರ ನಡುವೆ ಒಂದು ಕೆಟ್ಟ ಉಪಕರಣ ಇಟ್ರೆ ಏನಾಗುತ್ತೆ?"

"ಏನಾಗುತ್ತೆ? ಊಟ ಬಿಟ್ಟು ಅದರ ಮೇಲೆ ಬೀಳ್ತಾರೆ. ನಮ್ಮ ಚಿಕ್ಕಪ್ಪನ ಹೆಣದ ಮುಂದೇನೇ ಇಬ್ಬರು ಮದ್ದು ತೂಗೋ ತಕ್ಕಡಿ ವಿಷಯಕ್ಕೆ ಜಗಳ ಆಡಿದ್ರು."

"ಸುಮ್ಮನೆ ಇರೋಕೆ ಆಗುತ್ತಾ ಅವರಿಗೆ?"

"ಇಲ್ಲ ಮೇಡಂ. ಅವರಪ್ಪನಾಣೆಗೂ ಆಗಲ್ಲ."

"ಸರಿ ಹಾಗಾದ್ರೆ. ಡಾಂಬರಿನ ವಿಷಯ ನಿನಗೆ ಗೊತ್ತು, ನನಗೆ ಗೊತ್ತು, ಪ್ರಯೋಗಾಲಯಕ್ಕೆ ಗೊತ್ತು. ನಾಳೆ ಬೆಳಿಗ್ಗೆ ಇನ್ಯಾರಿಗೆ ಗೊತ್ತಿದೆ ನೋಡೋಣ."

*

ಗುರುವಾರ ಬೆಳಿಗ್ಗೆ ಏಳಕ್ಕೆ ಕ್ಲಬ್ಬಿನಲ್ಲಿ ಬೇಟೆ ಕಾಲದ ಉಪಾಹಾರ. ಪ್ಯಾನ್‌ಕೇಕು, ಹುರಿದ ಹಂದಿಮಾಂಸ, ಕಪ್ಪು ಕಾಫಿ. ಮೂವತ್ತು ನಲವತ್ತು ಜನ ಸೇರಿದ್ದರು. ಆರ್ವಿಡ್ ಬಂದಿರಲಿಲ್ಲ. ವಿಲ್ಮಾ ಬಂದಿದ್ದರು, ಒಂದು ಕೈಯಲ್ಲಿ ತಿನ್ನುತ್ತಿದ್ದರು, ಪಕ್ಕದವರು ಪ್ಯಾನ್‌ಕೇಕು ಕತ್ತರಿಸಿ ಕೊಡಲು ಬಂದರೆ ಗದರುತ್ತಿದ್ದರು.

ರಸ್ ಕ್ಯಾಮೆರಾವನ್ನು ಅಂಗಿಗೆ ಸಿಕ್ಕಿಸಿಕೊಂಡು ಬಾಗಿಲ ಹತ್ತಿರ ನಿಂತ. ಡೀನಾ ಪುಲ್ಲರನ್ನು ಚೀಲದಿಂದ ತೆಗೆದು ಕ್ಲಬ್ಬಿನ ಪ್ರೆಸ್ಸಿಗೆ ತಿರುಗಿಸಿದಳು.

"ಒಂದು ಸಹಾಯ ಬೇಕಿತ್ತು. ನಾಳೆ ವಕೀಲರ ಮುಂದೆ ಇದನ್ನ ನಡೆಸಿ ತೋರಿಸಬೇಕು. ಆದ್ರೆ ಗುಂಡನ್ನ ಬಿಡ್ತಾನೇ ಇಲ್ಲ."

ಒಂದು ಕ್ಷಣ ಯಾರೂ ಎದ್ದೇಳಲಿಲ್ಲ. ಆಮೇಲೆ ಹ್ಯಾಂಕ್ ಎಲ್‌ಸ್ಟ್ರಮ್ ಎಂಬ ದಪ್ಪನೆಯ ರೈತ ಫೋರ್ಕ್ ಕೆಳಗಿಟ್ಟ. ಅಷ್ಟೇ ಸಾಕಾಯಿತು. ಎಲ್ಲರೂ ತಟ್ಟೆ ಹಿಡಿದುಕೊಂಡೇ ಬಂದು ಸುತ್ತುವರಿದರು.

"ಕಾಲೆಟ್ ಅಳತೆ ತಪ್ಪಿರುತ್ತೆ. ಸಣ್ಣ ಗುಂಡಿಂದು ಹಾಕಿರ್ತಾರೆ."

"ಕಣ್ಣಿಲ್ವೇನಯ್ಯಾ ನಿನಗೆ? ಅಳತೆ ಸರಿಯಾಗೇ ಇದೆ. ಹೆಚ್ಚು ಬಿಗಿದಿದ್ದಾರೆ. ಎಮ್ಮೆ ಕಟ್ಟೋ ಹಾಗೆ ಬಿಗಿದ್ರೆ ಯಾವ ಪುಲ್ಲರ್ ಬಿಡುತ್ತೆ?"

ಡೀನಾ ಹಗುರವಾಗಿ ಬಿಗಿದು ತೋರಿಸಿದಳು. ಆಗಲೂ ಹಿಡಿದುಕೊಂಡಿತು, ಇಕ್ಕಳ ಹಾಕಿ ತಿರುಚಿಯೇ ಬಿಡಿಸಬೇಕಾಯಿತು.

"ಒಣಗಿದೆ. ಒಂದು ತೊಟ್ಟು ಎಣ್ಣೆ ಬಿಡಿ."

"ಎಣ್ಣೆ ಬಿಟ್ರೆ ಜಾರುತ್ತೆ. ಹಿತ್ತಾಳೆ ಪುಡಿ ಕೂತಿದೆ ಸೀಳಲ್ಲಿ. ಬ್ರಷ್ ತಗೊಂಡ್ಬಾ."

ಬ್ರಷ್ ಬಂತು, ಎಣ್ಣೆಯೂ ಬಂತು. ಎರಡೂ ಸೋತವು. ಡೆಲ್ಮರ್ ಗುಂಪಿನ ಹೊರಗೆ, ಕಾಫಿ ಪಾತ್ರೆಯ ಪಕ್ಕ ನಿಂತಿದ್ದ. ಡೀನಾ ಅವನ ಕಡೆ ನೋಡಲಿಲ್ಲ. ಆದರೆ ಅವನ ಲೋಟ ಖಾಲಿಯಾಗಿದ್ದೂ, ಅವನು ಅದನ್ನು ತುಂಬಿಸಿಕೊಳ್ಳದೆ ನಿಂತಿದ್ದೂ ಅವಳಿಗೆ ಕಂಡಿತ್ತು.

"ನನಗೆ ಗೊತ್ತಾಯ್ತು," ಎಂದ ಹ್ಯಾಂಕ್. "ಕಾಲೆಟ್ ಅಂಚಲ್ಲಿ ಮುಳ್ಳು ಎದ್ದಿದೆ. ಇಕ್ಕಳ ಹಾಕಿ ತಿರುಚಿದ್ದಾರಲ್ಲ, ಅದಕ್ಕೆ. ಒಂದು ಅರ ಕೊಡ್ರಪ್ಪ, ಒಳಗೆ ಎರಡು ಸಲ ಉಜ್ಜಿಬಿಟ್ರೆ ಆಯ್ತು."

ಗೋಡೆಯಿಂದ ದೊಡ್ಡದೊಂದು ಅರ ತೆಗೆದು ಕೊಟ್ಟರು. ಕೊಡಲಿ ಹರಿತ ಮಾಡುವಂಥದು. ಹ್ಯಾಂಕ್ ಪುಲ್ಲರನ್ನು ಪ್ರೆಸ್ಸಿನಿಂದ ಬಿಚ್ಚಿ ಎಡಗೈಯಲ್ಲಿ ಹಿಡಿದು, ಆ ನುಣುಪು ಉಕ್ಕಿನ ಬಾಯಿಗೆ ಅರದ ತುದಿ ತೂರಿಸಲು ಹೋದ.

"ಏ ಕತ್ತೆ! ತೆಗಿ ಅದನ್ನ!"

ಎಲ್ಲರೂ ತಿರುಗಿದರು. ಡೆಲ್ಮರ್ ಮೂರೇ ಹೆಜ್ಜೆಯಲ್ಲಿ ಬಂದು ಹ್ಯಾಂಕ್‌ನ ಕೈ ಹಿಡಿದುಕೊಂಡಿದ್ದ.

"ಅರ ಇಟ್ರೆ ಕಾಲೆಟ್ ಸತ್ತೇ ಹೋಗುತ್ತೆ. ಮುಳ್ಳೂ ಇಲ್ಲ, ಮಣ್ಣೂ ಇಲ್ಲ. ಒಳಗಡೆ ಡಾಂಬರು ಮೆತ್ಕೊಂಡಿರೋದು ಕಣಯ್ಯಾ. ಒಲೆ ಹತ್ತಿರ ಬಿಸಿ ಮಾಡಿ ಬಟ್ಟೆಯಲ್ಲಿ ಒರೆಸಿದ್ರೆ ತಾನೇ ಬಿಡುತ್ತೆ!"

ಬಾಣಲೆಯಲ್ಲಿದ್ದ ಪ್ಯಾನ್‌ಕೇಕು ಸೀಯತೊಡಗಿತು.

"ಯಾವ ಡಾಂಬರು, ಡೆಲ್ಮರ್?" ಎಂದಳು ಡೀನಾ.

ಅವನು ಹ್ಯಾಂಕ್‌ನ ಕೈ ಬಿಟ್ಟ. "ಅಂದ್ರೆ... ಇರಬಹುದು ಅಂದೆ. ಸೈನ್ಯದ ಮಾಲಲ್ಲಿ ಇರುತ್ತಲ್ಲ."

"ಇಲ್ಲಿ ಯಾರು ಸೈನ್ಯದ ಮಾಲು ಬಳಸ್ತಾರೆ?"

ಹ್ಯಾಂಕ್ ಅರ ಕೈಯಲ್ಲೇ ಹಿಡಿದು, ನಿಧಾನವಾಗಿ ಹೇಳಿದ: "ಯಾರೂ ಇಲ್ಲ. ಅದು ಕಸ, ಕ್ಲಬ್ಬಿನೊಳಗೆ ತರಬೇಡಿ ಅಂತ ಬೋರ್ಡ್ ಹಾಕಿಸಿದ್ದೇ ನೀನಲ್ವೇನೋ."

"ಇಷ್ಟು ಜನ ಇದನ್ನ ಕೈಯಲ್ಲಿ ಹಿಡಿದು ನೋಡಿದ್ರು," ಎಂದಳು ಡೀನಾ. "ಯಾರಿಗೂ ಡಾಂಬರು ಹೊಳೀಲಿಲ್ಲ. ನೀವು ಕಾಫಿ ಪಾತ್ರೆ ಹತ್ತಿರ ನಿಂತು ಹೇಳಿದ್ರಿ."

ವಿಲ್ಮಾ ಕುರ್ಚಿಯಿಂದ ಎದ್ದಿದ್ದರು. ಬ್ಯಾಂಡೇಜಿನ ಕೈಯನ್ನು ಎದೆಗೆ ಅವುಚಿಕೊಂಡು ನೋಡುತ್ತ ನಿಂತರು. ಡೆಲ್ಮರ್ ವಿಲ್ಮಾರನ್ನು ಬಿಟ್ಟು ಉಳಿದ ಎಲ್ಲರ ಕಡೆಗೂ ನೋಡಿದ.

*

ಒಂಬತ್ತೂವರೆಗೆ ನ್ಯಾಯಾಧೀಶರು ಕ್ಯಾಮೆರಾದಲ್ಲಿ ದಾಖಲಾದದ್ದನ್ನು ನೋಡಿ, ಪ್ರಯೋಗಾಲಯದ ವರದಿ ಓದಿ ವಾರಂಟಿಗೆ ಸಹಿ ಹಾಕಿದರು. ಹನ್ನೊಂದಕ್ಕೆ ಡೆಲ್ಮರ್ ಮನೆಯ ಗ್ಯಾರೇಜು. ಪಂಚರು ಮತ್ತೆ ಬರ್ನಿಸ್ ಮತ್ತು ಬಸ್ಸಿನ ಚಾಲಕ.

ಕಟ್ಟಿಗೆಯ ರಾಶಿಯ ಹಿಂದೆ ಸೈನ್ಯದ ಹಳೇ ಕಾಡತೂಸಿನ ತಗಡಿನ ಡಬ್ಬ ಸಿಕ್ಕಿತು. ಪಕ್ಕದಲ್ಲಿ ಕಿತ್ತ ಗುಂಡುಗಳು, ಒಂದೊಂದರ ಸೊಂಟಕ್ಕೂ ಕಪ್ಪು ಪಟ್ಟಿ. ಮೇಲಿನ ಕಪಾಟಿನಲ್ಲಿ ಉಪ್ಪಿನಕಾಯಿಯ ಗಾಜಿನ ಜಾಡಿ, ತಳದಲ್ಲಿ ಒಂದು ಹಿಡಿ ಮದ್ದು.

"ಇದು ಆರ್ವಿಡ್ ತುಂಬಿದ್ದ ಮದ್ದೇ ಅಲ್ವಾ?" ಎಂದ ರಸ್. "ಎಸೆದಿದ್ರೆ ಮುಗಿದೇ ಹೋಗ್ತಿತ್ತು. ಯಾಕೆ ಇಟ್ಕೊಂಡ?"

"ಒಳ್ಳೇ ಮದ್ದನ್ನ ಯಾರಾದ್ರೂ ಎಸೀತಾರೇನೋ?" ಎಂದರು ಬರ್ನಿಸ್, ಪಂಚನಾಮೆಯಿಂದ ತಲೆ ಎತ್ತದೆ.

ಪ್ರಯೋಗಾಲಯ ಈ ಸಲ ಎಂಟು ವಾರ ಎನ್ನಲಿಲ್ಲ. ಸಂಜೆಯೊಳಗೆ ಫೋನ್ ಬಂತು: ಡಾಂಬರು ಒಂದೇ, ಮದ್ದುಗಳೆರಡೂ ಹೊಂದುತ್ತವೆ. ಐದು ಗಂಟೆ ಹತ್ತು ನಿಮಿಷಕ್ಕೆ ಡೆಲ್ಮರ್ ಗ್ರೈಸ್‌ನನ್ನು ಬಂಧಿಸಲಾಯಿತು. ಬಾಯಿ ಬಿಡದೆ ಇರುವ ಹಕ್ಕು, ವಕೀಲರನ್ನು ಕರೆಸುವ ಹಕ್ಕು, ಎಲ್ಲವನ್ನೂ ಡೀನಾ ಓದಿ ಹೇಳಿದಳು. ಅವನು ತಲೆಯಾಡಿಸಿ, ಪುಲ್ಲರನ್ನು ಯಾರಾದರೂ ಬಿಸಿ ಮಾಡಿ ಒರೆಸಿದರೇ ಎಂದು ಮಾತ್ರ ಕೇಳಿದ.

ಶುಕ್ರವಾರ ಬೆಳಿಗ್ಗೆ ಹೋಲ್ಟ್ ತಪ್ಪೊಪ್ಪಿಗೆಯ ಕಾಗದವನ್ನು ಡೀನಾಳ ಎದುರಿಗೇ ಹರಿದು ಹಾಕಿದ.

"ಸಾರ್ಜೆಂಟ್, ಕ್ಲಬ್ಬಲ್ಲಿ ಉಪಾಹಾರ ಚೆನ್ನಾಗಿತ್ತಂತೆ?"

"ನಾನು ತಿನ್ನಲೇ ಇಲ್ಲ ಸಾರ್. ಹಸಿವಾಗ್ತಿದೆ."

ಅವಳು ಆರ್ವಿಡ್‌ರ ಶೆಡ್ಡಿಗೆ ಹೋಗುವಷ್ಟರಲ್ಲಿ ಅಲ್ಲಿ ಹನ್ನೆರಡು ಪಿಕಪ್ ಗಾಡಿಗಳು ನಿಂತಿದ್ದವು. ಸುದ್ದಿ ಠಾಣೆಗಿಂತ ಬೇಗ ಓಡಿತ್ತು. ಒಳಗೆ ಒಲೆ ಉರಿಯುತ್ತಿತ್ತು. ಆರ್ವಿಡ್ ಮಾತ್ರ ಅದೇ ಸ್ಟೂಲಿನ ಮೇಲೆ, ಕೈಗಳನ್ನು ತೊಡೆಗಳ ನಡುವೆ ಇಟ್ಟುಕೊಂಡು ಕೂತಿದ್ದರು.

"ನಿಮ್ಮ ಕೈ ತಪ್ಪಿಲ್ಲ," ಎಂದಳು ಡೀನಾ. "ಗೀರಿಲ್ಲದ ಒಂದೊಂದು ಕಾಡತೂಸನ್ನೂ ತೂಗಿ ನೋಡಿದ್ದಾರೆ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ."

"ಒಂದರಲ್ಲೂ?"

"ಒಂದರಲ್ಲೂ."

ಮುದುಕ ಕೈ ಹೊರತೆಗೆದು ನೋಡಿಕೊಂಡರು. ನಡುಗುತ್ತಲೇ ಇತ್ತು. ಅದು ಬೇಸಗೆಯಿಂದಲೂ ನಡುಗುತ್ತಿತ್ತು, ನಡುಗುತ್ತಲೇ ಆ ಕಾಡತೂಸುಗಳನ್ನು ಕರಾರುವಾಕ್ಕಾಗಿ ತುಂಬಿತ್ತು.

"ಆಯ್ತಲ್ಲ, ಇನ್ನೇನು ನೋಡ್ತಿದ್ದೀಯ ಕೈಯ?" ಎಂದರು ವಿಲ್ಮಾ ಬಾಗಿಲಿನಿಂದ. "ನಾಳೆ ಬೇಟೆ ಶುರು. ನನ್ನ ಹತ್ತಿರ ಒಂದು ಕಾಡತೂಸೂ ಇಲ್ಲ. ಎಲ್ಲ ಪೊಲೀಸರ ಚೀಲದಲ್ಲಿದೆ."

"ನಿನ್ನ ರೈಫಲ್ಲೇ ಇಲ್ವಲ್ಲೇ," ಎಂದರು ಆರ್ವಿಡ್.

"ಹ್ಯಾಂಕ್ ಕೊಡ್ತಾನೆ. ಅರ ಹಿಡ್ಕೊಂಡು ಓಡಾಡೋನಿಗೆ ರೈಫಲ್ ಯಾಕೆ?"

ಹ್ಯಾಂಕ್‌ನ ಮುಖ ಕೆಂಪಾಯಿತು. ಶೆಡ್ಡಿನ ಒಳಗೂ ಹೊರಗೂ ನಗು ಎದ್ದಿತು. ಆರ್ವಿಡ್ ಎದ್ದು ಟವೆಲ್ ತೆಗೆದು ಒಬ್ಬನ ಭುಜದ ಮೇಲೆ ಎಸೆದರು. ಕಪಾಟಿನಿಂದ ಒಂದು ಡಬ್ಬಿ ಇಳಿಸಿದರು. ಎಲ್ಲರೂ ಸುತ್ತ ನೆರೆದು ನೋಡುತ್ತಿದ್ದಾಗ "ಬೆಳಕಿಗೆ ಅಡ್ಡ ನಿಲ್ಲಬೇಡ್ರೋ" ಎಂದು ಬೈದರು. ಅದು ಅವರ ಹಳೆಯ ದನಿ.

ಹನ್ನೆರಡು ಗಂಟೆಗೆ ಇಡೀ ಮೆರವಣಿಗೆ ಮೈದಾನಕ್ಕೆ ಬಂತು. ವಿಲ್ಮಾ ಮರಳಿನ ಚೀಲದ ಮೇಲೆ ಹ್ಯಾಂಕ್‌ನ ರೈಫಲ್ ಊರಿ, ಹೊಲಿಗೆ ಹಾಕಿದ ಕೆನ್ನೆಯನ್ನೇ ಅದಕ್ಕೆ ಒರಗಿಸಿದರು.

"ಡಾಕ್ಟರಿಗೆ ಯಾರಾದ್ರೂ ಹೇಳಿದ್ರೆ ಮುಂದಿನ ಗುಂಡು ಅವರಿಗೇ."

ಆರ್ವಿಡ್ ವಿಲ್ಮಾರ ಹಿಂದೆ ನಿಲ್ಲಲಿಲ್ಲ, ಪಕ್ಕದಲ್ಲೇ ಬಂದು ನಿಂತರು. ರೈಫಲ್ ಒಡೆದರೆ ಇಬ್ಬರಿಗೂ ಬಡಿಯುವಷ್ಟು ಹತ್ತಿರ. ಡೀನಾ ಉಳಿದವರನ್ನು ಹಿಂದಕ್ಕೆ ಸರಿಸಿದಳು.

ಗುಂಡು ಹಾರಿತು. ಬೆಟ್ಟಕ್ಕೆ ಬಡಿದು ಸದ್ದು ತಿರುಗಿ ಬಂತು. ರಸ್ ದುರ್ಬೀನಿನಲ್ಲಿ ಗುರಿಹಲಗೆ ನೋಡಿದ. ತಾನು ಡೆಪ್ಯುಟಿ ಎಂಬುದನ್ನೇ ಮರೆತು ಟೋಪಿಯನ್ನು ಮೇಲಕ್ಕೆ ತೂರಿದ.

"ನಟ್ಟ ನಡುವೆ! ಅಮ್ಮಾ, ನಟ್ಟ ನಡುವೆ!"

ಹಸಿರು ಟೋಪಿಗಳೆಲ್ಲ ಒಟ್ಟಿಗೆ ಗಾಳಿಗೆ ಹಾರಿದವು. ಕೆಳಗೆ ಬಿದ್ದ ಮೇಲೆ ಯಾವುದು ಯಾರದೆಂದು ಗೊತ್ತಾಗದೆ ಸಿಕ್ಕಿದ್ದನ್ನು ಹಾಕಿಕೊಂಡರು. ಹ್ಯಾಂಕ್ ಆರ್ವಿಡ್‌ರನ್ನು ಎತ್ತಿಕೊಳ್ಳಲು ಬಂದಾಗ ಅವರು ಬೈಯುತ್ತ ತಪ್ಪಿಸಿಕೊಂಡರು. ವಿಲ್ಮಾ ಖಾಲಿ ಹಿತ್ತಾಳೆಯನ್ನು ಹೊರತೆಗೆದು, ಬಿಸಿ ಆರುವ ಮೊದಲೇ ಅವರ ಅಂಗೈಯಲ್ಲಿಟ್ಟರು.

"ಇನ್ನೊಂದು ಕೊಡು."

*

ಡೆಲ್ಮರ್ ಶುಕ್ರವಾರ ಸಂಜೆ ತನ್ನ ವಕೀಲರ ಎದುರು ಹೇಳಿಕೆ ಕೊಟ್ಟ. ಯಾರಿಗೂ ಪೆಟ್ಟಾಗಲಿ ಎಂದಿರಲಿಲ್ಲ ಎಂದ. ಆ ಹಳೇ ಮದ್ದು ಮಂದವಾದದ್ದು, ಗುಂಡು ಗುರಿಗಿಂತ ಕೆಳಗೆ ಬೀಳುತ್ತದೆ, ವಿಲ್ಮಾಗೆ ಆರ್ವಿಡ್‌ನ ಕೈಯ ಮೇಲೆ ಅನುಮಾನ ಬರುತ್ತದೆ ಎಂದಷ್ಟೇ ಲೆಕ್ಕ ಹಾಕಿದ್ದನಂತೆ. ಯಾವ ಮದ್ದೆಂದು ತಿಳಿಯದೆ ತುಂಬುವುದು ಮೊದಲನೆಯ ಪಾಪ ಎಂದು ಹೊಸಬರಿಗೆಲ್ಲ ಪಾಠ ಹೇಳುತ್ತಿದ್ದವನೂ ಅವನೇ.

"ಯಾಕೆ?" ಎಂದಳು ಡೀನಾ.

ಅವನು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ.

"ಮೂರು ಚಳಿಗಾಲದ ಹಿಂದೆ ಆರ್ವಿಡ್‌ಗೆ ಜ್ವರ. ವಿಲ್ಮಾಗೆ ಕಾಡತೂಸು ಬೇಕಿತ್ತು. ನಾನು ಒಂದು ವಾರ ಕೂತು ತುಂಬಿದೆ. ಒಂದೊಂದನ್ನೂ ಮೂರು ಸಲ ತೂಗಿದೆ. ಎಲ್ಲರ ಮುಂದೆ ಕೊಟ್ಟೆ. ಅವರು ಪೆಟ್ಟಿಗೆ ಬಿಚ್ಚಲೇ ಇಲ್ಲ. ಬೇಜಾರು ಮಾಡ್ಕೋಬೇಡ, ನಾನು ಆರ್ವಿಡ್‌ದು ಬಿಟ್ಟು ಬೇರೆ ಹಾರಿಸಲ್ಲ ಅಂತ ನನ್ನ ಕೈಗೇ ವಾಪಸ್ ಇಟ್ರು. ಬಿಚ್ಚಿ ನೋಡಿ ಬೇಡ ಅನ್ನಬಹುದಿತ್ತು."

ಅವನು ಓದಿ ನೋಡಿ ಸಹಿ ಹಾಕಿದ.

ಠಾಣೆಯಿಂದ ಮನೆಗೆ ಹೋಗುವಾಗ ಡೀನಾ ವಿಲ್ಮಾರ ಮನೆಯ ಮುಂದೆ ಗಾಡಿ ನಿಲ್ಲಿಸಿದಳು. ಅವರು ಮೆಟ್ಟಿಲ ಮೇಲೆ ಕೂತು, ಒಂದೇ ಕೈಯಲ್ಲಿ ಬೂಟಿಗೆ ಮೇಣ ಹಚ್ಚುತ್ತಿದ್ದರು, ಬೆಳಗಿನ ಜಾವದ ಬೇಟೆಗೆ. ಡೀನಾ ಹೇಳಿಕೆಯ ಆ ಭಾಗವನ್ನು ಹೇಳಿದಳು.

ವಿಲ್ಮಾ ಮೇಣ ಹಚ್ಚುವುದನ್ನು ನಿಲ್ಲಿಸಿದರು. ಹುಬ್ಬು ಗಂಟಿಕ್ಕಿ ಯೋಚಿಸಿದರು. ನಿಜವಾಗಿಯೂ ಯೋಚಿಸಿದರು.

"ಡೆಲ್ಮರ್ ನನಗೆ ಪೆಟ್ಟಿಗೆ ಕೊಟ್ಟಿದ್ನಾ?" ಎಂದರು. "ಯಾವಾಗ?"